ಮೊದಲ ಹ್ಯಾಂಡಿ ಯಾವುದು ತಗೊಳ್ಳಲಿ?

ಹೋದ ತಿಂಗಳು ಹ್ಯಾಮ್ ರೇಡಿಯೋ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವುದು, ಅದರ ಪರೀಕ್ಷೆ ಬಗ್ಗೆ ಒಂದು ಪತ್ರಕ್ಕೆ ಉತ್ತರ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ ಕೇಳಿವೆ. ಲೈಸೆನ್ಸ್ ಬಂತು, ಇನ್ನು ಯಾವ ಸೆಟ್ ತಗೊಳ್ಳಲಿ ಅಂತ. ಹಾಗಾಗಿ ಈ ಸಲದ ಪುಟಗಳೆಲ್ಲ ಅದಕ್ಕೇ. ಕೈಯಲ್ಲಿ ಹಿಡಿದು ಮಾತಾಡುವ ಸೆಟ್‌ಗೆ ಹ್ಯಾಮ್‌ಗಳು ‘ಹ್ಯಾಂಡಿ’ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಪ್ರಶ್ನೆ: ಮೇಡಂ, ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ. ರಿಸ್ಟ್ರಿಕ್ಟೆಡ್ ಗ್ರೇಡ್ ಪರೀಕ್ಷೆ ಪಾಸಾಗಿ ವಿಯು3 ಅಂತ ಶುರುವಾಗುವ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ಹೇಳುವ ನನ್ನದೇ ಗುರುತು, ಬಂದಿದೆ. ಅಪ್ಪ ಆರು ಸಾವಿರ ಕೊಡುತ್ತಾರೆ, ಮತ್ತೆ ಕೇಳುವ ಹಾಗಿಲ್ಲ ಅಂದಿದ್ದಾರೆ. ಅಂಗಡಿಯಲ್ಲಿ 5 ವಾಟ್, 8 ವಾಟ್, 10 ವಾಟ್ ಅಂತ ಬೇರೆ ಬೇರೆ ಸೆಟ್ ತೋರಿಸುತ್ತಾರೆ. ವಾಟ್ ಜಾಸ್ತಿ ಇದ್ದರೆ ದೂರ ಜಾಸ್ತಿ ಹೋಗುತ್ತದೆ ಅಲ್ವಾ? ಯಾವುದು ತಗೊಳ್ಳಲಿ?
– ವಿದ್ಯಾರ್ಥಿ, ಹಾಸನ

ಉತ್ತರ: ಮೊದಲು ಅಭಿನಂದನೆ. ಆ ವಿಯು3 ನಿಮ್ಮ ಹೆಸರಿನಷ್ಟೇ ನಿಮ್ಮದು, ಜೋಪಾನವಾಗಿ ಇಟ್ಟುಕೊಳ್ಳಿ.

ವಾಟ್ ವಿಚಾರ ಮೊದಲು ಮುಗಿಸೋಣ. 5 ವಾಟ್‌ನಿಂದ 10 ವಾಟ್‌ಗೆ ಹೋದರೆ ಶಕ್ತಿ ಎರಡು ಪಟ್ಟು ಆಗುತ್ತದೆ, ಸಿಗ್ನಲ್ ಏರಿಳಿತ ಅಳೆಯುವ ಲೆಕ್ಕದಲ್ಲಿ 3 ಡೆಸಿಬೆಲ್. ಕೇಳುವವರ ಸೆಟ್‌ನಲ್ಲಿ ಸಿಗ್ನಲ್ ತೋರಿಸುವ ಎಸ್ ಮೀಟರ್ ಇರುತ್ತದಲ್ಲ, ಅದರಲ್ಲಿ ಒಂದು ಮನೆ ಮೇಲೇರಬೇಕಾದರೆ 6 ಡೆಸಿಬೆಲ್ ಬೇಕು. ನೀವು ದುಡ್ಡು ಸುರಿದು, ಬ್ಯಾಟರಿಯನ್ನು ಅರ್ಧ ಹೊತ್ತಿಗೇ ಖಾಲಿ ಮಾಡಿಕೊಂಡು ಗಳಿಸುವುದು ಅರ್ಧ ಮನೆ. ಆ ಕಡೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು, ಡಬ್ಬದ ಮೇಲೆ ಬರೆದ ವಾಟ್ ಒಳಗೆ ಇರುತ್ತದೆ ಅನ್ನುವ ಗ್ಯಾರಂಟಿಯೂ ಇಲ್ಲ. ನನ್ನ ಹತ್ತಿರ ಕಲಿತ ಹುಡುಗನೊಬ್ಬ 8 ವಾಟ್ ಅಂತ ನಂಬಿ ಒಂದು ಸೆಟ್ ತಂದಿದ್ದ. ನಮ್ಮ ಮನೆಯ ಮೇಜಿನ ಮೇಲೆ ಇಟ್ಟು, ಆಂಟೆನಾ ಬದಲು ಶಕ್ತಿ ಹೀರಿಕೊಳ್ಳುವ ಡಮ್ಮಿ ಲೋಡ್ ಹಾಕಿ, ವಾಟ್ ಮೀಟರ್‌ನಲ್ಲಿ ಅಳೆದೆವು. ಬ್ಯಾಟರಿ ಪೂರ್ತಿ ಚಾರ್ಜ್ ಆಗಿತ್ತು. ಮುಳ್ಳು ನಾಲ್ಕೂವರೆ ದಾಟಲಿಲ್ಲ. ಹುಡುಗನ ಮುಖ ನೋಡೋಕಾಗಲಿಲ್ಲ. ಆದರೆ ಅದೇ ಸೆಟ್‌ನಲ್ಲಿ ಅವನು ಇವತ್ತಿಗೂ ಚೆನ್ನಾಗಿ ಮಾತಾಡುತ್ತಿದ್ದಾನೆ. ನಾಲ್ಕೂವರೆ ವಾಟ್ ಸಾಕು.

ಹಾಗಾದರೆ ದೂರ ಯಾವುದರಿಂದ ಬರುತ್ತದೆ? ಎತ್ತರದಿಂದ. ನಮ್ಮ ಎರಡು ಮೀಟರ್ ಬ್ಯಾಂಡ್, ಅಂದರೆ 144ರಿಂದ 146 ಮೆಗಾಹರ್ಟ್ಸ್, ಹೆಚ್ಚುಕಡಿಮೆ ಕಣ್ಣಿಗೆ ಕಂಡಷ್ಟು ದೂರ ಮಾತ್ರ ಹೋಗುತ್ತದೆ. ಲೆಕ್ಕ ಸುಲಭ. ಆಂಟೆನಾ ನೆಲದಿಂದ ಎಷ್ಟು ಮೀಟರ್ ಮೇಲಿದೆ ನೋಡಿ, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ. ಬರುವುದು ಕಿಲೋಮೀಟರ್ ಲೆಕ್ಕದಲ್ಲಿ ರೇಡಿಯೋ ದಿಗಂತ. ರಸ್ತೆಯಲ್ಲಿ ನಿಂತು ಮುಖದ ಹತ್ತಿರ ಹಿಡಿದರೆ ಒಂದೂವರೆ ಮೀಟರ್, ಅಂದರೆ ಐದು ಕಿಲೋಮೀಟರ್. ಹತ್ತು ಮೀಟರ್ ಎತ್ತರದ ತಾರಸಿ ಹತ್ತಿದರೆ ಹದಿಮೂರು. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್, ಬೆಂಗಳೂರು ಸುಮಾರು 920. ಅಲ್ಲಿಗೆ ಊರಿಗಿಂತ 550 ಮೀಟರ್‌ಗೂ ಜಾಸ್ತಿ ಮೇಲೆ ನಿಂತ ಹಾಗಾಯಿತು. ದಿಗಂತ 95 ಕಿಲೋಮೀಟರ್ ದಾಟುತ್ತದೆ. ಅದೇ ಹ್ಯಾಂಡಿ, ಅದೇ ಬ್ಯಾಟರಿ. ಆ ಕಡೆಯವರೂ ಎತ್ತರದಲ್ಲಿದ್ದರೆ ಅವರ ದಿಗಂತವನ್ನೂ ಇದಕ್ಕೆ ಕೂಡಿಸಿಕೊಳ್ಳಬಹುದು.

ಎಲ್ಲರೂ ಬೆಟ್ಟ ಹತ್ತೋಕಾಗಲ್ಲವಲ್ಲ, ಅದಕ್ಕೇ ರಿಪೀಟರ್ ಇರುವುದು. ಅದು ಎತ್ತರದ ಜಾಗದಲ್ಲಿ ಕೂತು ನಿಮ್ಮ ಮಾತನ್ನು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು, ಅದೇ ಹೊತ್ತಿಗೆ ಇನ್ನೊಂದರಲ್ಲಿ ಜೋರಾಗಿ ಹೇಳುತ್ತದೆ. ಎರಡು ಮೀಟರ್‌ನಲ್ಲಿ ಇವೆರಡರ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಸ್. ಕೆಲವು ರಿಪೀಟರ್‌ಗಳು ಎಬ್ಬಿಸಲು ಒಂದು ಸಣ್ಣ ಟೋನ್ ಕೇಳುತ್ತವೆ. 88.5 ಹರ್ಟ್ಸ್, 123 ಹರ್ಟ್ಸ್, ಹೀಗೆ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಮಾಡಬೇಕಾದ ಕೆಲಸ ಇದೆ. ನಿಮ್ಮೂರಲ್ಲಿ ಇಲ್ಲವೇ ಹತ್ತಿರದ ಊರಲ್ಲಿ ಇರುವ ಹಳಬ ಹ್ಯಾಮ್ ಒಬ್ಬರನ್ನು ಹುಡುಕಿ. ಹುಡುಕಿದರೆ ಸಿಗುತ್ತಾರೆ, ಮನೆ ಮೇಲಿನ ಆಂಟೆನಾನೇ ವಿಳಾಸ. ಅವರ ಹ್ಯಾಂಡಿಯನ್ನು ನಿಮ್ಮ ಮನೆ ತಾರಸಿಗೆ ತರೋಕೆ ಕೇಳಿಕೊಳ್ಳಿ. ಅಲ್ಲಿಂದ ಯಾವ ರಿಪೀಟರ್ ಎಬ್ಬಿಸೋಕಾಗುತ್ತದೆ, ಯಾರ ಧ್ವನಿ ನೇರವಾಗಿ ಕೇಳುತ್ತದೆ, ನೋಡಿ. ಸಂಜೆ ನೆಟ್, ಅಂದರೆ ಹ್ಯಾಮ್‌ಗಳೆಲ್ಲ ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರುವ ಮಾತುಕತೆ, ನಡೆಯುವ ಹೊತ್ತಿಗೆ ಕರೆಸಿ, ಒಂದು ಲೋಟ ಕಾಫಿ ಕೊಡಿ. ಆ ಅರ್ಧ ಗಂಟೆಯಲ್ಲಿ ಸಿಗುವ ಮಾಹಿತಿ ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ. ಎರಡು ಮೀಟರ್ ಸಾಕೋ, ಅದಕ್ಕಿಂತ ಮೇಲಿನ ಯುಎಚ್‌ಎಫ್ ಬ್ಯಾಂಡ್ ಕೂಡ ಬೇಕೋ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ನನ್ನ ಮೊದಲ ಹ್ಯಾಂಡಿ ಬಗ್ಗೆ ಹೇಳಿದರೆ ನಿಮಗೆ ಧೈರ್ಯ ಬರಬಹುದು. ಹಳೇ ಐಕಾಮ್ ಐಸಿ-2. ನನಗೆ ಕೈ ಹಿಡಿದು ಕಲಿಸಿದ ಹಿರಿಯರೊಬ್ಬರು 1996ರಲ್ಲಿ ಕೊಟ್ಟದ್ದು. ಸ್ಕ್ರೀನ್ ಇಲ್ಲ, ಮೆಮೊರಿ ಇಲ್ಲ. ತಲೆಯ ಮೇಲೆ ಅಂಕಿ ಬರೆದ ಮೂರು ಪುಟ್ಟ ಚಕ್ರಗಳು, ಉಗುರಿನಲ್ಲಿ ಟಕ್ ಟಕ್ ಅಂತ ತಿರುಗಿಸಬೇಕು. ಫ್ರೀಕ್ವೆನ್ಸಿಯನ್ನು ಕತ್ತಲಲ್ಲೂ ಎಣಿಸಿ ಇಡಬಹುದಿತ್ತು. ಶಕ್ತಿ ಒಂದೂವರೆ ವಾಟ್. ಅದನ್ನು ಹಿಡಿದುಕೊಂಡು ಪಾಲಿಟೆಕ್ನಿಕ್ ಕಟ್ಟಡದ ನೀರಿನ ಟ್ಯಾಂಕ್ ಪಕ್ಕ ನಿಂತು ನಾನು ಮೊದಲ ಸಲ ನನ್ನ ಕಾಲ್‌ಸೈನ್ ಹೇಳಿದೆ. ಗಂಟಲು ಒಣಗಿತ್ತು. ಮೂವತ್ತು ಕಿಲೋಮೀಟರ್ ಆಚೆಯಿಂದ ಒಬ್ಬರು ‘ಫೈವ್ ನೈನ್, ಸ್ವಾಗತ ಅಮ್ಮಾ’ ಅಂದರು. ಫೈವ್ ನೈನ್ ಅಂದರೆ ಸ್ಪಷ್ಟವಾಗಿ, ಜೋರಾಗಿ ಕೇಳುತ್ತಿದೆ ಅಂತ. ಆ ಧ್ವನಿ ಇವತ್ತಿಗೂ ಕಿವಿಯಲ್ಲಿದೆ.

ಇನ್ನು ಆರು ಸಾವಿರದ ಲೆಕ್ಕ. ಯೇಸು, ಐಕಾಮ್, ಕೆನ್‌ವುಡ್ ಕಂಪನಿಗಳ ಹೊಸ ಸೆಟ್ ಈ ದುಡ್ಡಿಗೆ ಬರುವುದಿಲ್ಲ, ಅದರ ಆಸೆ ಈಗ ಬಿಡಿ. ಪರಿಚಯದ ಹ್ಯಾಮ್ ಹತ್ತಿರ ಹಳೇ ಯೇಸುವೋ ಐಕಾಮೋ ಇದ್ದು, ಕೊಡಲು ಒಪ್ಪಿದರೆ ಕಣ್ಣುಮುಚ್ಚಿ ತಗೊಳ್ಳಿ. ಕೈಬದಲಾದದ್ದಕ್ಕೆ ಎರಡೂ ಕಡೆಯ ಕಾಲ್‌ಸೈನ್ ಹಾಕಿ ಕಾಗದ ಮಾಡಿಸಿಕೊಳ್ಳಿ. ಅದು ಸಿಗದಿದ್ದರೆ ಚೀನಾದ ಸೆಟ್‌ಗಳು. ಬಾವೊಫೆಂಗ್ ಯುವಿ-5ಆರ್ 2012ರಲ್ಲಿ ಬಂದ ಮೇಲೆ ಜಗತ್ತಿನ ಅರ್ಧಕ್ಕರ್ಧ ಹೊಸ ಹ್ಯಾಮ್‌ಗಳ ಕೈಯಲ್ಲಿ ಅದೇ ಇದೆಯೇನೋ ಅನ್ನಿಸುತ್ತದೆ. ಈಚೆಗೆ ಕ್ವಾನ್‌ಶೆಂಗ್ ಯುವಿ-ಕೆ5 ಕೂಡ ಹುಡುಗರ ಮಧ್ಯೆ ಓಡುತ್ತಿದೆ. ಇವುಗಳಲ್ಲಿ ರಿಸೀವರ್ ಕೆಲಸ ಬಹುತೇಕ ಒಂದೇ ಚಿಪ್ ಮಾಡುತ್ತದೆ. ಅದರಿಂದಲೇ ಬೆಲೆ ಕಡಿಮೆ, ಅದರಿಂದಲೇ ಒಂದು ತೊಂದರೆಯೂ ಇದೆ. ಪಕ್ಕದಲ್ಲಿ ಜೋರಾದ ಟ್ರಾನ್ಸ್‌ಮಿಟರ್ ಇದ್ದರೆ ಸೆಟ್‌ಗೆ ಕಿವಿ ಮುಚ್ಚಿದ ಹಾಗಾಗುತ್ತದೆ. ಎಫ್‌ಎಂ ಸ್ಟೇಷನ್ನಿನ ಟವರ್ ಹತ್ತಿರದ ಮನೆಯಲ್ಲಿ ದೊಡ್ಡ ಆಂಟೆನಾ ಸಿಕ್ಕಿಸಿದರೆ ಮೊದಲು ಕೇಳುತ್ತಿದ್ದದ್ದೂ ಕೇಳದೇ ಹೋಗಬಹುದು. ಹಾಗಾದಾಗ ಸೆಟ್ ಕೆಟ್ಟಿತು ಅಂದುಕೊಳ್ಳಬೇಡಿ. ಸಣ್ಣ ಆಂಟೆನಾಗೆ ವಾಪಸ್ ಬನ್ನಿ.

ಅಗ್ಗದ ಸೆಟ್‌ನಲ್ಲಿ ಇನ್ನೊಂದು ನೋಡಬೇಕು, ಅದು ಹಾರ್ಮೋನಿಕ್. ನೀವು 145 ಮೆಗಾಹರ್ಟ್ಸ್‌ನಲ್ಲಿ ಮಾತಾಡುವಾಗ ಅದರ ಎರಡರಷ್ಟು 290ರಲ್ಲೂ, ಮೂರರಷ್ಟು 435ರಲ್ಲೂ ಸ್ವಲ್ಪ ಶಕ್ತಿ ಸೋರುತ್ತದೆ. ಒಳ್ಳೇ ಸೆಟ್‌ನಲ್ಲಿ ಅದನ್ನು ಫಿಲ್ಟರ್ ತಡೆಯುತ್ತದೆ. ಅಗ್ಗದ್ದರಲ್ಲಿ ಒಂದೊಂದು ಸೆಟ್ ಒಂದೊಂದು ಥರ. ಕ್ಲಬ್‌ನಲ್ಲಿ ಈ ಸೋರಿಕೆ ತೋರಿಸುವ ಸ್ಪೆಕ್ಟ್ರಮ್ ಅನಲೈಸರ್ ಇದ್ದರೆ ಒಮ್ಮೆ ತೋರಿಸಿಕೊಂಡು ಬನ್ನಿ. ನಿಮ್ಮ ಕಾಲೇಜಿನ ಲ್ಯಾಬ್‌ನಲ್ಲೂ ಇರಬಹುದು, ಲೆಕ್ಚರರ್‌ನ ಕೇಳಿ, ಖುಷಿಯಿಂದ ತೋರಿಸುತ್ತಾರೆ. ಆದರೆ ಹ್ಯಾಂಡಿಯನ್ನು ನೇರವಾಗಿ ಅನಲೈಸರ್‌ಗೆ ಸಿಕ್ಕಿಸಬೇಡಿ, ಮಧ್ಯೆ ಶಕ್ತಿ ತಗ್ಗಿಸುವ ಅಟೆನ್ಯುಯೇಟರ್ ಇರಲೇಬೇಕು. ಇಲ್ಲವಾದರೆ ಲಕ್ಷಾಂತರ ರೂಪಾಯಿಯ ಉಪಕರಣ ಹೋಗುತ್ತದೆ.

ಕೊಳ್ಳುವಾಗ ಬಿಲ್ ಕೇಳಿ. ನಿಮ್ಮ ಲೈಸೆನ್ಸ್ ನಕಲು ಕೇಳುವ ಅಂಗಡಿಯಲ್ಲೇ ತಗೊಳ್ಳಿ. ಏನೂ ಕೇಳದೆ ಡಬ್ಬ ಕೈಗಿಡುವ ಕಡೆಯಿಂದ ಎದ್ದು ಬನ್ನಿ. ಆ ಮಾಡೆಲ್‌ಗೆ ದೂರಸಂಪರ್ಕ ಇಲಾಖೆಯ ರೇಡಿಯೋ ಲೈಸೆನ್ಸ್ ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದ ಒಪ್ಪಿಗೆ ಇದೆಯಾ ಅಂತ ಕೇಳಿ. ‘ಲೈಸೆನ್ಸ್ ಬೇಡದ ವಾಕಿಟಾಕಿ’ ಅಂತ ಮಾರುವವು ಬೇರೆ ಜಾತಿ. ಅವು 446 ಮೆಗಾಹರ್ಟ್ಸ್‌ನಲ್ಲಿ ಅರ್ಧ ವಾಟ್ ಒಳಗೆ ಕೆಲಸ ಮಾಡುತ್ತವೆ, ಹ್ಯಾಮ್ ಬ್ಯಾಂಡಿಗೆ ಬರುವುದೇ ಇಲ್ಲ. ಹೊರದೇಶದಿಂದ ನೀವೇ ತರಿಸೋಕೆ ಹೋಗಬೇಡಿ, ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡರೆ ಅಪ್ಪ ಕೊಟ್ಟ ದುಡ್ಡು ಅಲ್ಲೇ ಕೂತಿರುತ್ತದೆ.

ಮನೆಗೆ ತಂದ ಮೇಲೆ ಮೊದಲ ಕೆಲಸ. ಇಂಥ ಸೆಟ್‌ಗಳು 136ರಿಂದ 174ರವರೆಗೆ ಎಲ್ಲಿ ಬೇಕಾದರೂ ಮಾತಾಡುತ್ತವೆ. ಆ ಜಾಗದಲ್ಲಿ ಪೊಲೀಸರಿದ್ದಾರೆ, ಹಡಗಿನವರಿದ್ದಾರೆ, ಇನ್ನೂ ಯಾರ್ಯಾರೋ ಇದ್ದಾರೆ. ಜೇಬಿನಲ್ಲಿಟ್ಟಾಗ ಬಟನ್ ಒತ್ತಿಹೋಗಿ ಅಲ್ಲೆಲ್ಲೋ ಸಿಗ್ನಲ್ ಹೋದರೆ ಕಾಲ್‌ಸೈನ್ ನಿಮ್ಮದು, ಹೊಣೆಯೂ ನಿಮ್ಮದು. ಕಂಪ್ಯೂಟರ್‌ನಲ್ಲಿ ಚರ್ಪ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ, ಪ್ರೋಗ್ರಾಮಿಂಗ್ ಕೇಬಲ್ ಸಿಕ್ಕಿಸಿ, ಮೊದಲು ಕಂಪನಿಯಿಂದ ಬಂದ ಹಾಗೇ ಒಂದು ನಕಲು ಉಳಿಸಿಟ್ಟುಕೊಳ್ಳಿ. ಆಮೇಲೆ ನಿಮಗೆ ಬೇಕಾದ ಹತ್ತು ಚಾನೆಲ್ ತುಂಬಿಸಿ. ಟ್ರಾನ್ಸ್‌ಮಿಟ್ ಮಿತಿಯನ್ನು 144ರಿಂದ 146ಕ್ಕೆ, ಯುಎಚ್‌ಎಫ್‌ನಲ್ಲಿ 434ರಿಂದ 438ಕ್ಕೆ ಕಟ್ಟಿಬಿಡಿ. ಕೀಪ್ಯಾಡ್ ಲಾಕ್ ಮಾಡುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ. ಹ್ಯಾಂಡಿಯನ್ನು ಮನೆಯಿಂದ ಆಚೆ ಒಯ್ಯುವ ಮೊದಲು ಲೈಸೆನ್ಸ್‌ನಲ್ಲಿ ಬರೆದ ಷರತ್ತು ಓದಿ, ಅದರ ಒಂದು ನಕಲು ಬ್ಯಾಗಿನಲ್ಲಿ ಇರಲಿ.

ಆರು ಸಾವಿರದಲ್ಲಿ ಎಲ್ಲವನ್ನೂ ಸೆಟ್‌ಗೇ ಹಾಕಬೇಡಿ ಅಂತ ಇಷ್ಟೊತ್ತು ಹೇಳುತ್ತಿರುವುದು. ಎರಡು ಮೀಟರ್, ಯುಎಚ್‌ಎಫ್ ಎರಡೂ ಇರುವ ಸಾಧಾರಣ 5 ವಾಟ್ ಡ್ಯುಯಲ್ ಬ್ಯಾಂಡ್ ಸೆಟ್ ಒಂದು, ಇನ್ನೊಂದು ಬ್ಯಾಟರಿ, ಪ್ರೋಗ್ರಾಮಿಂಗ್ ಕೇಬಲ್, ಒಂದು ಒಳ್ಳೇ ಆಂಟೆನಾ. ಆಂಟೆನಾ ಕೊಳ್ಳುವಾಗ ಸೆಟ್ ಕೈಯಲ್ಲೇ ಇರಲಿ. ಕೆಲವು ಸೆಟ್‌ನಲ್ಲಿ ಪಿನ್ ಸೆಟ್ ಕಡೆ ಇರುತ್ತದೆ, ಕೆಲವದರಲ್ಲಿ ಆಂಟೆನಾ ಕಡೆ. ಫೋಟೋ ನೋಡಿ ತರಿಸಿದರೆ ತಿರುಪು ಕೂರುವುದಿಲ್ಲ.

ಅಷ್ಟಕ್ಕೂ ಮೊದಲು ಖರ್ಚಿಲ್ಲದ ಒಂದು ಕೆಲಸ ಮಾಡಿ. 49 ಸೆಂಟಿಮೀಟರ್ ಉದ್ದದ ಮಾಮೂಲಿ ವೈರ್ ತಗೊಳ್ಳಿ. ಒಂದು ತುದಿಗೆ ಉಂಗುರದ ಲಗ್ ಹಾಕಿ. ಆಂಟೆನಾ ಬಿಚ್ಚಿ, ಆ ಉಂಗುರವನ್ನು ಕನೆಕ್ಟರ್‌ನ ಹೊರಗಿನ ಲೋಹದ ಸುತ್ತ ಕೂರಿಸಿ, ಮತ್ತೆ ಆಂಟೆನಾ ತಿರುಗಿಸಿ. ನಡುವಿನ ಪಿನ್‌ಗೆ ಉಂಗುರ ತಾಗಬಾರದು, ಇಷ್ಟೇ ಎಚ್ಚರ. ವೈರ್ ಕೆಳಗೆ ಬಾಲದ ಹಾಗೆ ನೇತಾಡಲಿ. ಎರಡು ಮೀಟರ್ ಅಲೆಯ ಕಾಲುಭಾಗ ಅದು. ಸಣ್ಣ ರಬ್ಬರ್ ಆಂಟೆನಾಗೆ ಇನ್ನೊಂದು ಕಾಲು ಸಿಕ್ಕ ಹಾಗಾಗುತ್ತದೆ. ಬಾಲ ಕಟ್ಟಿ ಮಾತಾಡಿ, ಬಿಚ್ಚಿ ಮಾತಾಡಿ. ಆ ಕಡೆಯವರ ಎಸ್ ಮೀಟರ್ ಏನು ಹೇಳುತ್ತದೆ ಕೇಳಿ. ನೀವು 10 ವಾಟ್‌ನಿಂದ ಬಯಸಿದ್ದು ಈ ವೈರ್ ತುಂಡಿನಿಂದ ಸಿಗುತ್ತದೆ.

ಪ್ರಶ್ನೆ: ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟದ ಮನೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮೊಬೈಲ್ ಟವರ್ ಕೂಡ ಸತ್ತುಹೋಗುತ್ತದೆ. ನಾನೂ ನಮ್ಮ ಮನೆಯವರೂ ಹ್ಯಾಮ್ ಪರೀಕ್ಷೆ ಬರೆದು ಪಾಸಾಗಿದ್ದೇವೆ. ಇಬ್ಬರಿಗೂ ಒಂದೊಂದು ಹ್ಯಾಂಡಿ ತಗೊಂಡರೆ ಅವರು ಪೇಟೆಗೆ ಹೋದಾಗ ನಾನು ಮನೆಯಿಂದ ಮಾತಾಡಬಹುದಾ? ನಡುವೆ ಹದಿನಾಲ್ಕು ಕಿಲೋಮೀಟರ್, ಎರಡು ಘಟ್ಟ.
– ಗೃಹಿಣಿ, ಉತ್ತರ ಕನ್ನಡ

ಉತ್ತರ: ಅಕ್ಕಾ, ನಿಮ್ಮ ಪತ್ರ ಓದಿ ತುಂಬಾ ಹೊತ್ತು ಯೋಚಿಸಿದೆ. ಬರೀ ಎರಡು ಹ್ಯಾಂಡಿ ನಂಬಿದರೆ ನಿಮಗೆ ಬೇಕಾದ ದಿನವೇ ಅದು ಕೈಕೊಡುತ್ತದೆ. ನಡುವೆ ಎರಡು ಗುಡ್ಡ ಇದ್ದರೆ 5 ವಾಟ್ ಅಲ್ಲ, 50 ವಾಟ್ ಕೂಡ ಒದ್ದಾಡುತ್ತದೆ. ಜೊತೆಗೆ ಮಳೆಯಲ್ಲಿ ನೆನೆದ ಕಾಡು. ಒದ್ದೆ ಎಲೆಗಳು ಸಿಗ್ನಲ್ ಕುಡಿದುಬಿಡುತ್ತವೆ, ಯುಎಚ್‌ಎಫ್‌ನಲ್ಲಿ ಇನ್ನೂ ಜಾಸ್ತಿ. ಹಾಗಾಗಿ ತೋಟದ ಮನೆಗೆ ಎರಡು ಮೀಟರ್ ಬ್ಯಾಂಡೇ ಮುಖ್ಯ.

ಆದರೂ ದಾರಿ ಇದೆ. ಹ್ಯಾಂಡಿ ಮನೆಯೊಳಗೇ ಇರಲಿ, ಆಂಟೆನಾ ಮಾತ್ರ ಮೇಲೇರಲಿ. ಹಳೇ ಟಿವಿ ಆಂಟೆನಾದಿಂದ ಇಳಿಯುತ್ತಿದ್ದ ಚಪ್ಪಟೆ ವೈರ್ ನೆನಪಿದೆಯಾ? ಎರಡು ಅಂಚಲ್ಲಿ ತಂತಿ, ನಡುವೆ ಪ್ಲಾಸ್ಟಿಕ್ ಪಟ್ಟಿ. ಅದು 300 ಓಮ್ ರಿಬ್ಬನ್. ಹತ್ತಿರ ಹತ್ತಿರ ಒಂದೂವರೆ ಮೀಟರ್ ಉದ್ದದ ತುಂಡಿನಲ್ಲಿ ಜೆ-ಪೋಲ್ ಅನ್ನುವ ಆಂಟೆನಾ ಮಾಡಬಹುದು. ಅಳತೆ ಹಿಡಿದು ಕತ್ತರಿಸಿ, ಬೆಸುಗೆ ಹಾಕಿ, ಆಂಟೆನಾಗೆ ಹೋದ ಶಕ್ತಿ ಎಷ್ಟು ವಾಪಸ್ ಬರುತ್ತಿದೆ ಅಂತ ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್‌ನಲ್ಲಿ ಸರಿ ಮಾಡಲು ಅನುಭವ ಇದ್ದವರೊಬ್ಬರು ಜೊತೆಗಿದ್ದರೆ ಒಂದು ಮಧ್ಯಾಹ್ನದ ಕೆಲಸ. ಸುರುಳಿ ಸುತ್ತಿದರೆ ಚೀಲದಲ್ಲಿ ಕೂರುತ್ತದೆ. ನೈಲಾನ್ ಹುರಿ ಕಟ್ಟಿ ಮರದ ಕೊಂಬೆಗೆ ಎಸೆದು ಮೇಲೆಳೆದರೆ ಹತ್ತು ಮೀಟರ್ ಎತ್ತರದಲ್ಲಿ ನೆಟ್ಟಗೆ ನೇತಾಡುತ್ತದೆ.

ಅಲ್ಲಿಂದ ಕೆಳಗೆ ಬರುವ ಕೇಬಲ್‌ನಲ್ಲಿ ಸ್ವಲ್ಪ ನಷ್ಟ ಆಗುತ್ತದೆ. ಆರ್‌ಜಿ-58 ಅನ್ನುವ ತೆಳು ಕೇಬಲ್ ಹತ್ತು ಮೀಟರ್ ಇದ್ದರೆ ಎರಡು ಮೀಟರ್ ಬ್ಯಾಂಡಿನಲ್ಲಿ ಸುಮಾರು 2 ಡೆಸಿಬೆಲ್, ಅಂದರೆ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಶಕ್ತಿ ದಾರಿಯಲ್ಲೇ ಹೋಗುತ್ತದೆ. ಎತ್ತರದಿಂದ ಬರುವ ಲಾಭ ಅದಕ್ಕಿಂತ ಎಷ್ಟೋ ದೊಡ್ಡದು. ಬೇಕಾದ್ದಕ್ಕಿಂತ ಉದ್ದದ ಕೇಬಲ್ ಮಾತ್ರ ಇಡಬೇಡಿ. ಸಿಡಿಲು ಗುಡುಗು ಶುರುವಾಗುವ ಮೊದಲೇ ಕೇಬಲ್ ಬಿಚ್ಚಿ ಹೊರಗೆ ಹಾಕಿ. ನಿಮ್ಮ ಕಡೆ ಮೇ ತಿಂಗಳ ಸಂಜೆ ಹೇಗಿರುತ್ತದೆ ನಿಮಗೇ ಗೊತ್ತು.

ಇಷ್ಟಾದ ಮೇಲೂ ಪೇಟೆಗೆ ನೇರ ಮಾತು ಸಿಗದೇ ಹೋಗಬಹುದು. ಆಗ ನಡುವಿನ ಗುಡ್ಡದ ಮೇಲೋ ಓರೆಯಲ್ಲೋ ಮನೆ ಇರುವ ಇನ್ನೊಬ್ಬರು ಹ್ಯಾಮ್ ಇದ್ದರೆ ದೊಡ್ಡ ಅನುಕೂಲ. ನಿಮ್ಮ ಮಾತನ್ನು ಅವರು ಕೇಳಿ ಆ ಕಡೆಗೆ ಹೇಳುತ್ತಾರೆ. ಹಳೇ ಕಾಲದಲ್ಲಿ ಗದ್ದೆಯಿಂದ ಗದ್ದೆಗೆ ಕೂಗಿ ಸುದ್ದಿ ದಾಟಿಸುತ್ತಿದ್ದರಲ್ಲ, ಹಾಗೇ. ನಿಮ್ಮ ಊರಿನ ಇನ್ನಿಬ್ಬರನ್ನು ಪರೀಕ್ಷೆಗೆ ಕೂರಿಸಿ. ಹನ್ನೆರಡು ವರ್ಷ ತುಂಬಿದ ಮಕ್ಕಳೂ ಬರೆಯಬಹುದು.

ನಿಜವಾದ ಸಂಕಟದ ದಿನಕ್ಕೆ ನೀವು ಮುಂದೆ ಎಚ್‌ಎಫ್, ಅಂದರೆ ದೂರ ಹೋಗುವ ಕಡಿಮೆ ಫ್ರೀಕ್ವೆನ್ಸಿ ಬ್ಯಾಂಡ್‌ಗಳ ಕಡೆ ಹೋಗಬೇಕು ಅನ್ನುವುದು ನನ್ನ ಆಸೆ. 7 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ತಂತಿಯನ್ನು ತಗ್ಗಾಗಿ ಕಟ್ಟಿದರೆ ಸಿಗ್ನಲ್ ನೆಟ್ಟಗೆ ಮೇಲೆ ಹೋಗಿ, ಅಯಾನುಗೋಳ ಅನ್ನುವ ಎತ್ತರದ ಗಾಳಿಯ ಪದರಕ್ಕೆ ಬಡಿದು, ಕೊಡೆ ಹಿಡಿದ ಹಾಗೆ ಸುತ್ತಲಿನ ಜಿಲ್ಲೆಗಳ ಮೇಲೆ ಇಳಿಯುತ್ತದೆ. ಗುಡ್ಡ ಅಡ್ಡ ಬರುವುದೇ ಇಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಭಾರತಿ ಪ್ರಸಾದ್ ಅವರು ಹ್ಯಾಮ್ ತಂಡದ ಜೊತೆ ಪೋರ್ಟ್ ಬ್ಲೇರ್‌ನಲ್ಲಿದ್ದರು. ಅಂಡಮಾನ್‌ನಿಂದ ಹೊರಗಿನ ಸಂಪರ್ಕ ಕಡಿದಾಗ ಅವರ ರೇಡಿಯೋ ಮಾತಾಡುತ್ತಿತ್ತು. ಸಮುದ್ರ ದಾಟಿ ಹೋಗಿದ್ದು ಎಚ್‌ಎಫ್ ಸಿಗ್ನಲ್. ಹೋಗಿದ್ದು ಸುಮ್ನೆ ಹವ್ಯಾಸಕ್ಕೆ, ಅಲ್ಲಿ ನಿಂತಿದ್ದು ಜನರ ಸುದ್ದಿ ದಾಟಿಸೋಕೆ. ಹ್ಯಾಮ್ ಹೆಣ್ಣುಮಕ್ಕಳಿಗೆ ನಾನು ಈ ಕಥೆ ತಪ್ಪದೇ ಹೇಳುತ್ತೇನೆ.

ಈಗ ಹ್ಯಾಂಡಿ ತಗೊಳ್ಳಿ, ಬೇಡ ಅನ್ನುವುದಿಲ್ಲ. ತೋಟದ ಒಳಗೆ, ಮನೆಯಿಂದ ಗದ್ದೆಗೆ ಚೆನ್ನಾಗಿ ಕೇಳುತ್ತದೆ. ನಿಮಗೆ ನೀರು ತಡೆಯುವ ಸೆಟ್ ಬೇಕು, ಐಪಿ ರೇಟಿಂಗ್ ಕೇಳಿ ತಗೊಳ್ಳಿ. ಐಪಿ54 ಅಂದರೆ ಹನಿ, ಎರಚಲು ತಡೆಯುತ್ತದೆ. ಐಪಿ67 ಆದರೆ ಹೊಂಡಕ್ಕೆ ಬಿದ್ದರೂ ಎತ್ತಿಕೊಳ್ಳುವಷ್ಟು ಹೊತ್ತು ತಡೆಯುತ್ತದೆ. ಒಣ ಬ್ಯಾಟರಿ ಸೆಲ್ ಹಾಕುವ ಡಬ್ಬ ಸಿಗುವ ಮಾಡೆಲ್ ಆದರೆ ಇನ್ನೂ ಒಳ್ಳೇದು. ನಾಲ್ಕು ದಿನ ಕರೆಂಟ್ ಇಲ್ಲದಾಗ ಊರಂಗಡಿಯಲ್ಲಿ ಪೆನ್ಸಿಲ್ ಸೆಲ್ ಸಿಕ್ಕೇ ಸಿಗುತ್ತದೆ. ಇಬ್ಬರೂ ಒಂದೇ ಮಾಡೆಲ್ ತಗೊಳ್ಳಿ. ಚಾರ್ಜರ್, ಬ್ಯಾಟರಿ ಒಬ್ಬರದು ಇನ್ನೊಬ್ಬರಿಗೆ ಆಗುತ್ತದೆ.

ಪ್ರಶ್ನೆ: ಪರೀಕ್ಷೆ ಇನ್ನೂ ಬರೆದಿಲ್ಲ. ಈಗಲೇ ಒಂದು ಹ್ಯಾಂಡಿ ತಂದಿಟ್ಟುಕೊಂಡು ಬರೀ ಕೇಳುತ್ತಾ ಇರಬಹುದಾ?
– ಓದುಗ, ದಾವಣಗೆರೆ

ಉತ್ತರ: ಬೇಡ. ಮಾತಾಡದಿದ್ದರೂ ಟ್ರಾನ್ಸ್‌ಮಿಟರ್ ಇರುವ ಸೆಟ್ ಇಟ್ಟುಕೊಳ್ಳುವುದಕ್ಕೇ ಅನುಮತಿ ಬೇಕು. ಕೇಳುವ ಆಸೆ ನನಗೆ ಅರ್ಥವಾಗುತ್ತದೆ. ಒಬ್ಬ ಹ್ಯಾಮ್ ಮನೆಗೆ ಹೋಗಿ ಪಕ್ಕದಲ್ಲಿ ಕೂತು ಕೇಳಿ. ಫೋನಿನಲ್ಲೇ, ಇಂಟರ್ನೆಟ್ ಮೂಲಕ ರೇಡಿಯೋ ಕೇಳಿಸುವ ವೆಬ್‌ಎಸ್‌ಡಿಆರ್ ತಾಣ ತೆರೆದರೆ ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ರಿಸೀವರ್ ಅನ್ನು ನೀವೇ ತಿರುಗಿಸಿ ಯುರೋಪಿನ ಹ್ಯಾಮ್‌ಗಳ ಮಾತು ಕೇಳಬಹುದು. ಕಾಲ್‌ಸೈನ್ ಹೇಗೆ ಹೇಳುತ್ತಾರೆ, ಒಬ್ಬರ ಮಾತು ಮುಗಿದ ಮೇಲೆ ಎಷ್ಟು ಜಾಗ ಬಿಡುತ್ತಾರೆ, ಗಮನಿಸಿ. ನಿಮ್ಮ ಕಿವಿ ಅಷ್ಟರಲ್ಲೇ ತಯಾರಾಗುತ್ತದೆ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ. ಹೊಸ ಹ್ಯಾಂಡಿ ತಂದು ಒಂದು ತಿಂಗಳಾಯಿತು. ರಿಪೀಟರ್ ಎಬ್ಬಿಸುತ್ತೇನೆ, ಆದರೆ ಎಲ್ಲರೂ ‘ನಿಮ್ಮ ಧ್ವನಿ ತುಂಬಾ ಕಮ್ಮಿ, ಮೊದಲ ಮಾತೇ ಕೇಳಲಿಲ್ಲ’ ಅನ್ನುತ್ತಾರೆ. ಸೆಟ್ ಬದಲಾಯಿಸಬೇಕಾ?
– ಓದುಗರು, ಮಂಗಳೂರು

ಉತ್ತರ: ಬದಲಾಯಿಸಬೇಡಿ ಸಾರ್. ನೀವು ಹೇಳಿದ ಎರಡೂ ದೂರಿಗೆ ಬೇರೆ ಬೇರೆ ಕಾರಣ, ಎರಡಕ್ಕೂ ಖರ್ಚಿಲ್ಲ.

ಧ್ವನಿ ಕಮ್ಮಿ ಅಂದರೆ ಮೊದಲು ಮೆನುವಿನಲ್ಲಿ ವೈಡ್, ನ್ಯಾರೋ ಅನ್ನುವ ಆಯ್ಕೆ ನೋಡಿ. ಅದು ನ್ಯಾರೋದಲ್ಲಿ ಇದ್ದು ಉಳಿದವರೆಲ್ಲ ವೈಡ್‌ನಲ್ಲಿದ್ದರೆ ನೀವು ಕೂಗಿದರೂ ಅವರಿಗೆ ಪಿಸುಮಾತು. ವೈಡ್‌ಗೆ ಹಾಕಿ, ಆ ಚಾನೆಲ್ ಮತ್ತೆ ಉಳಿಸಿ. ಆಮೇಲೆ ಮೈಕ್ ತೂತು ಎಲ್ಲಿದೆ ನೋಡಿ. ತುಂಬಾ ಸೆಟ್‌ಗಳಲ್ಲಿ ಅದು ಸೂಜಿ ಮೊನೆಯಷ್ಟಿರುತ್ತದೆ, ಸ್ಪೀಕರ್ ಜಾಲರಿಯ ಹತ್ತಿರ ಎಲ್ಲೋ ಒಂದು ಮೂಲೆಯಲ್ಲಿ. ಹಿಡಿದ ಬೆರಳು ಅದನ್ನೇ ಮುಚ್ಚಿರಬಹುದು. ಬಾಯಿಂದ ನಾಲ್ಕು ಬೆರಳಿನಷ್ಟು ದೂರ, ಸ್ವಲ್ಪ ಓರೆಯಾಗಿ ಹಿಡಿಯಿರಿ. ಆಂಟೆನಾ ನೆಟ್ಟಗೆ ಆಕಾಶ ನೋಡಲಿ.

ಮೊದಲ ಮಾತು ಕೇಳದಿರುವುದು ಬೆರಳಿನ ಅಭ್ಯಾಸ. ಬಟನ್ ಒತ್ತಿದ ತಕ್ಷಣ ಸೆಟ್ ಮೇಲೇಳಬೇಕು, ಟೋನ್ ಹೋಗಬೇಕು, ರಿಪೀಟರ್ ಅದನ್ನು ಗುರುತಿಸಬೇಕು, ಕೇಳುವವರ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ತಡೆಯುವ ಬಾಗಿಲು) ತೆರೆಯಬೇಕು. ಇಷ್ಟೂ ಆಗೋಕೆ ಅರ್ಧ ಸೆಕೆಂಡಿಗೂ ಜಾಸ್ತಿ ಬೇಕು. ಒತ್ತಿ, ಮನಸ್ಸಿನಲ್ಲೇ ‘ಒಂದು’ ಅಂತ ಎಣಿಸಿ, ಆಮೇಲೆ ಶುರು ಮಾಡಿ. ಮುಗಿಸುವಾಗಲೂ ಕೊನೇ ಅಕ್ಷರ ಬಾಯಿಂದ ಪೂರ್ತಿ ಹೊರಬಂದ ಮೇಲೇ ಬಿಡಿ.

ಇನ್ನೂ ಒಂದು. ಧ್ವನಿ ಒಡೆದು ಕರಕರ ಅಂದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಗೋಡೆಗಳಿಗೆ ಬಡಿದು ಬಂದ ಅಲೆ, ನೇರ ಬಂದ ಅಲೆ ಒಂದನ್ನೊಂದು ಹೊಡೆದುಹಾಕುವ ಜಾಗ ಇರುತ್ತದೆ. ನಮ್ಮ ಮನೆಯಲ್ಲಿ ಅಡುಗೆಮನೆ ಕಿಟಕಿಯ ಎಡಗಡೆ, ಕುಕ್ಕರ್ ಇಡುವ ಕಟ್ಟೆ ಹತ್ತಿರ ನಿಂತರೆ ಏನೂ ಕೇಳುವುದಿಲ್ಲ. ಫ್ರಿಜ್ ಕಡೆಗೆ ಒಂದು ಮೀಟರ್ ಸರಿದರೆ ಪೂರ್ತಿ ಸ್ವಚ್ಛ. ಇಪ್ಪತ್ತು ವರ್ಷದಿಂದ ನಾನು ಬೆಳಗಿನ ನೆಟ್‌ಗೆ ಅದೇ ಟೈಲ್ ಮೇಲೆ ನಿಂತು ಚೆಕ್ ಇನ್ ಆಗುತ್ತೇನೆ. ನಿಮ್ಮ ಮನೆಯಲ್ಲೂ ಅಂಥ ಒಂದು ಜಾಗ ಇದೆ, ಹುಡುಕಿಕೊಳ್ಳಿ.

ಪ್ರಶ್ನೆ: ಮೊದಲ ಹ್ಯಾಂಡಿಯೇ ಡಿಜಿಟಲ್ ತಗೊಂಡರೆ ಹೇಗೆ? ಡಿಎಂಆರ್, ಡಿ-ಸ್ಟಾರ್, ಸಿ4ಎಫ್‌ಎಂ ಅಂತ ಏನೇನೋ ಇದೆ.
– ಓದುಗ, ಬೆಳಗಾವಿ

ಉತ್ತರ: ಈಗ ಬೇಡ ಅನ್ನುತ್ತೇನೆ. ಇವು ಧ್ವನಿಯನ್ನು ಅಂಕಿಗಳಾಗಿಸಿ ಕಳಿಸುವ ಬೇರೆ ಬೇರೆ ವಿಧಾನ, ಒಂದರ ಮಾತು ಇನ್ನೊಂದಕ್ಕೆ ನೇರವಾಗಿ ಅರ್ಥವಾಗುವುದಿಲ್ಲ. ಡಿ-ಸ್ಟಾರ್ ಹೆಚ್ಚಾಗಿ ಐಕಾಮ್ ಸೆಟ್‌ಗಳಲ್ಲಿ, ಸಿ4ಎಫ್‌ಎಂ ಯೇಸುವಿನದು, ಡಿಎಂಆರ್ ಅನ್ನು ಹಲವು ಕಂಪನಿಗಳು ಮಾಡುತ್ತವೆ. ನಿಮ್ಮೂರಿನ ಗೆಳೆಯರು ಯಾವುದರಲ್ಲಿದ್ದಾರೆ ಅಂತ ಗೊತ್ತಾಗುವ ತನಕ ದುಡ್ಡು ಹಾಕಬೇಡಿ. ಮಾಮೂಲಿ ಎಫ್‌ಎಂ ಎಲ್ಲರ ಸೆಟ್‌ನಲ್ಲೂ ಇದೆ.

ಪ್ರಶ್ನೆ: ಆಂಟಿ, ನಾನು ಒಂಬತ್ತನೇ ಕ್ಲಾಸ್. ಹೋದ ವರ್ಷ ಲೈಸೆನ್ಸ್ ಬಂತು. ಮಾಮ ಹ್ಯಾಂಡಿ ಕೊಡಿಸಿದ್ದಾರೆ. ಅದರಲ್ಲಿ ಬಾಹ್ಯಾಕಾಶ ನಿಲ್ದಾಣ ಕೇಳುತ್ತದಾ?
– ವಿದ್ಯಾರ್ಥಿನಿ, ತುಮಕೂರು

ಉತ್ತರ: ಕೇಳುತ್ತದೆ ಪುಟ್ಟಿ! ಅಲ್ಲಿ ಹ್ಯಾಮ್ ಸೆಟ್ ಇದೆ. ಗಗನಯಾತ್ರಿಗಳು ಶಾಲೆ ಮಕ್ಕಳ ಜೊತೆ ಮಾತಾಡುವಾಗ 145.800 ಮೆಗಾಹರ್ಟ್ಸ್‌ನಲ್ಲಿ ಬರುತ್ತಾರೆ. ಕೆಲವು ಸಲ ಅದೇ ಜಾಗದಲ್ಲಿ ಚಿತ್ರಗಳನ್ನೂ ಕಳಿಸುತ್ತಾರೆ, ಕೀರಲು ಸದ್ದಿನ ಹಾಗೆ ಕೇಳುತ್ತದೆ. ಆ ಸದ್ದನ್ನು ಫೋನಿನ ಆ್ಯಪ್‌ಗೆ ಕೇಳಿಸಿದರೆ ಚಿತ್ರ ಗೆರೆ ಗೆರೆಯಾಗಿ ಮೂಡುತ್ತದೆ. ಹ್ಯಾಮ್‌ಗಳ ಮಾತನ್ನು ವಾಪಸ್ ಹೇಳುವ ರಿಪೀಟರ್ ಕೂಡ ಅಲ್ಲಿದೆ. ಅದು ಚಾಲೂ ಇದ್ದಾಗ 437.800ರಲ್ಲಿ ಕೇಳು.

ನಿಲ್ದಾಣ ಸುಮಾರು 400 ಕಿಲೋಮೀಟರ್ ಮೇಲಿದೆ, ನಡುವೆ ಗುಡ್ಡ ಇಲ್ಲ, ಕಟ್ಟಡ ಇಲ್ಲ. ಅದಕ್ಕೇ ನಿನ್ನ ಪುಟ್ಟ ಸೆಟ್‌ಗೂ ಕೇಳುತ್ತದೆ. ಒಂದು ಕಡೆಯಿಂದ ಹುಟ್ಟಿ ಇನ್ನೊಂದು ಕಡೆ ಮುಳುಗೋಕೆ ಹತ್ತು ನಿಮಿಷ ಮಾತ್ರ. ಯಾವ ಹೊತ್ತಿಗೆ ತುಮಕೂರಿನ ಮೇಲೆ ಬರುತ್ತದೆ ಅಂತ ಆ್ಯಪ್‌ನಲ್ಲಿ ನೋಡಿ ಬರೆದಿಟ್ಟುಕೋ. ಅಷ್ಟು ವೇಗವಾಗಿ ಓಡುವುದರಿಂದ ಫ್ರೀಕ್ವೆನ್ಸಿ ಸ್ವಲ್ಪ ಜಾರುತ್ತದೆ. ರೈಲು ಹತ್ತಿರ ಬರುವಾಗ ಸೀಟಿ ಒಂದು ಥರ, ದೂರ ಹೋಗುವಾಗ ಇನ್ನೊಂದು ಥರ ಕೇಳುತ್ತದಲ್ಲ, ಅದೇ ಡಾಪ್ಲರ್. 437.800ರಲ್ಲಿ ಈ ಜಾರಾಟ 10 ಕಿಲೋಹರ್ಟ್ಸ್‌ವರೆಗೆ ಇರುತ್ತದೆ. ಐದು ಚಾನೆಲ್ ಮಾಡಿಕೋ: 437.810, 805, 800, 795, 790. ಬರುವಾಗ ಮೊದಲನೆಯದು, ತಲೆ ಮೇಲಿದ್ದಾಗ ನಡುವಿನದು, ಹೋಗುವಾಗ ಕೊನೆಯದು. ಸ್ಕ್ವೆಲ್ಚ್ ಪೂರ್ತಿ ತೆರೆದಿಡು, ಶರ್ ಅನ್ನುವ ಸದ್ದು ಇರಲಿ. ಆಂಟೆನಾವನ್ನು ನಿಲ್ದಾಣದ ಕಡೆ ತೋರಿಸಬೇಡ, ತುದಿಯಿಂದ ಕಡಿಮೆ ಕೇಳುತ್ತದೆ. ಅಡ್ಡ ಹಿಡಿದು ಮಣಿಕಟ್ಟು ನಿಧಾನ ತಿರುಗಿಸು. ಎಲ್ಲೋ ಒಂದು ಕೋನದಲ್ಲಿ ಆ ಶರ್ ಸದ್ದು ಪಟ್ಟನೆ ನಿಂತು ಧ್ವನಿ ಬರುತ್ತದೆ.

ಮೊದಲ ಸಲ ಬರೀ ಕೇಳು. ತಾರಸಿಗೆ ಮಾಮನನ್ನೂ ಕರೆದುಕೊಂಡು ಹೋಗು, ಯಾರ ಕಾಲ್‌ಸೈನ್ ಕೇಳಿತು ಅಂತ ಬರೆದುಕೊಳ್ಳೋಕೆ ಅವರ ಕೈಯಲ್ಲಿ ಪೆನ್ನು, ಪುಸ್ತಕ ಇರಲಿ. ಏನು ಕೇಳಿಸಿತು ಅಂತ ನನಗೆ ಬರೆ. ಕಾಯುತ್ತಿರುತ್ತೇನೆ. ಸೆವೆಂಟಿ ಥ್ರೀ, ಅಂದರೆ ಹ್ಯಾಮ್ ಭಾಷೆಯಲ್ಲಿ ಶುಭಾಶಯ.